ನಾಲ್ಕು ತುಂಡಾದ ಬ್ಯಾಲೆ ಕಾದಂಬರಿ

ತೇಜಸ್ವಿನಿಯ ಕಾದಂಬರಿಯನ್ನು ನಾಲ್ಕು ತುಂಡು ಮಾಡಿಸಿದವನು ನಾನೇ. ಮಡಿಕೇರಿಯ ನಮ್ಮ ಓದುಗರ ಕೂಟಕ್ಕೆ ಇದ್ದದ್ದು ಒಂದೇ ಪ್ರತಿ, ಸಭೆಗೆ ಉಳಿದದ್ದು ಹತ್ತು ದಿನ. ಕಾರ್ಯದರ್ಶಿಯಾದ ನನ್ನ ತಲೆ ಓಡಿತು. ಬೈಂಡರ್ ಹತ್ತಿರ ಹೊಲಿಗೆ ಬಿಚ್ಚಿಸಿ ನಾಲ್ವರಿಗೆ ಹಂಚಿ, ಬದಲಾಯಿಸಿಕೊಂಡು ಓದಿ ಎಂದೆ. ಹಂಚುವುದಷ್ಟೇ ನನ್ನ ಕೈಲಿತ್ತು, ಬದಲಾಯಿಸಿಕೊಳ್ಳುವುದು ಅವರ ಕೈಲಿ.

ಶಿರಂಗಾಲದ ತೇಜಸ್ವಿನಿ ಎಂಟು ವರ್ಷ ಬ್ಯಾಲೆ ಕಲಿತು, ಪಾದದ ಗಂಟು ಮುರಿದ ಮೇಲೆ ಅದನ್ನೇ ಕಾದಂಬರಿ ಮಾಡಿದವಳು. ಈಗ ಕೂಟದ ಸಭಾಂಗಣದಲ್ಲಿ ಭಾನುವಾರ ಮಕ್ಕಳಿಗೆ ಬ್ಯಾಲೆ ಕಲಿಸಲು ಅರ್ಜಿ ಹಾಕಿದ್ದಳು. ಮೊದಲು ಪುಸ್ತಕ ಓದೋಣ, ಆಮೇಲೆ ಬೀಗದ ಕೈ ಎಂದಿದ್ದರು ಅಧ್ಯಕ್ಷರಾದ ತಿರುಮಲೇಶ್ವರ ಮೇಷ್ಟ್ರು.

ಸಭೆಯಲ್ಲಿ ಮೊದಲ ಮಾತೂ ಅವರದೇ. "ಇದರಲ್ಲಿ, ಅಂ... ಕಥೆಯೇ, ಅಂ... ಶುರುವಾಗಿಲ್ಲ. ಹುಡುಗಿ ಗೋಡೆ ಕಂಬಿ ಹಿಡ್ಕೊಂಡು ನಿಂತೇ ಇದ್ದಾಳೆ."

"ಅವಳು ಹಾಕೋ ಬಟ್ಟೆ ನೋಡಿದ್ರಾ ಸಾರ್?" ಎಂದರು ಬ್ಯಾಂಕಿನ ವೀಣಾ. "ಹೀಗೆ ಮೈಗಂಟಿಸ್ಕೊಂಡು ನಮ್ಮ ಹೆಣ್ಮಕ್ಕಳು ಕುಣಿಯೋದಾ?"

ಎಸ್ಟೇಟಿನ ಬೆಳ್ಳಿಯಪ್ಪನವರಿಗೆ ಸಿಕ್ಕಿದ್ದು ಕೊನೆಯ ತುಂಡು. "ಬರೀ ಆಸ್ಪತ್ರೆ ಮಾರಾಯ. ಡ್ಯಾನ್ಸ್ ಎಲ್ಲುಂಟು? ಕಾಲು ಮುರ್ಕೊಂಡವಳ ಹತ್ರ ಯಾರು ಮಕ್ಕಳನ್ನ ಬಿಡ್ತಾರೆ?"

ಬ್ಯಾಲೆಯ ಒಲೆಯಲ್ಲಿ ಎಲ್ಲರೂ ತಂತಮ್ಮ ಬೇಳೆ ಬೇಯಿಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ತೇಜಸ್ವಿನಿ ಎದ್ದು ನಿಂತಳು.

"ಮೇಷ್ಟ್ರೇ, ನೀವು ಎಷ್ಟನೇ ಪುಟದವರೆಗೆ ಓದಿದ್ರಿ?"

"ಅಂ... ಎಂಬತ್ತು."

"ಬೆಳ್ಳಿಯಪ್ಪಣ್ಣ, ನೀವು?"

"ಇನ್ನೂರ ನಲವತ್ತರಿಂದ. ಅಷ್ಟ್ರಲ್ಲೇ ಗೊತ್ತಾಗ್ತದಲ್ಲ."

"ಮೂರು ವರ್ಷ ಕೂತು ಬರ್ದಿದ್ದೀನಿ ಕಣ್ರೀ. ದೋಸೆ ಅಂಚು ಮುರ್ಕೊಂಡು ತಿಂದು, ಹೋಟ್ಲು ಮುಚ್ಸಕ್ಕೆ ಬಂದಿದ್ದೀರ?" ನನ್ನತ್ತ ತಿರುಗಿದಳು. "ಕತ್ತರಿ ಹಾಕ್ಸಿದ್ದು ನೀವೇ ಅಲ್ವ?"

ನಾಲಿಗೆಯ ತುದಿಗೆ ಬಂದಿದ್ದ ಹಾಸ್ಯವನ್ನು ನುಂಗಿಕೊಂಡೆ. ಅವಳ ಕತ್ತಿನ ನರ ಉಬ್ಬಿತ್ತು.

"ನಾನು ಪೂರ್ತಿ ಓದಿದ್ದೀನಿ" ಎಂದರು ಕಾವೇರಮ್ಮ. ತಾಲೂಕು ಕಚೇರಿಯಿಂದ ನಿವೃತ್ತರಾದವರು. ಮೂವರ ಮನೆಗೂ ಹೋಗಿ ಉಳಿದ ತುಂಡು ಇಸಿದುಕೊಂಡು ಬಂದಿದ್ದರಂತೆ. ಬ್ಯಾಲೆಗೆ ಸೇರಬೇಕೆಂದು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಅವರ ಮೊಮ್ಮಗಳು ಗಾನವಿ.

ತೇಜಸ್ವಿನಿಯ ಮುಖ ತುಸು ಸಡಿಲವಾಯಿತು. ಅದು ತಪ್ಪಾಯಿತು, ಕಾವೇರಮ್ಮನ ಮಾತು ಇನ್ನೂ ಮುಗಿದಿರಲಿಲ್ಲ.

"ಬಟ್ಟೆ, ಕಂಬಿ ನಂಗೆ ತೊಂದ್ರೆ ಇಲ್ಲ. ಆದ್ರೆ ಪುಸ್ತಕದಲ್ಲಿರೋ ಆ ಬ್ಯಾಲೆ ಟೀಚರು? ಹದಿಮೂರು ವರ್ಷದ ಹುಡುಗೀನ ದಿನಾ ತೂಕದ ಮಿಷನ್ ಹತ್ತಿಸಿ, ಕಾಲು ಕೇಜಿ ಹೆಚ್ಚಿದ್ರೆ ಊಟ ಕಿತ್ಕೊಳ್ತಾಳೆ. ಕೊನೇಲಿ ನಿನ್ನ ಹುಡುಗಿ ಹೋಗಿ ಅವಳ ಕಾಲಿಗೆ ಬೀಳ್ತಾಳೆ. ಗುರು ಅಂತೆ. ಮೈಯೆಲ್ಲಾ ಉರೀತು ನೋಡಮ್ಮ ನಂಗೆ. ಅಂಥವಳ ಕಾಲಿಗೆ ಬೀಳೋಳು ನಮ್ಮ ಗಾನವಿಗೆ ಏನು ಕಲಿಸ್ತಾಳೆ?"

ಆ ಪುಟ ಇದ್ದದ್ದು ಬೆಳ್ಳಿಯಪ್ಪನವರ ತುಂಡಿನಲ್ಲೇ. ಅವರು ಮಾಡಿನ ಹಂಚು ಎಣಿಸತೊಡಗಿದರು.

"ನಾನೂ ಬಿದ್ದಿದ್ದೆ. ಅದಕ್ಕೇ ಬರ್ದೆ" ಎಂದಳು ತೇಜಸ್ವಿನಿ. "ನೆನೆಸ್ಕೊಂಡ್ರೆ ಈಗ್ಲೂ ಅಸಹ್ಯ ಆಗುತ್ತೆ."

"ಅಸಹ್ಯ ಆಯ್ತು ಅಂತ ಪುಸ್ತಕದಲ್ಲೆಲ್ಲಿದೆ?"

"ಇಲ್ಲ."

"ಯಾಕಿಲ್ಲ?"

"ಧೈರ್ಯ ಸಾಲ್ಲಿಲ್ಲ." ಹಲ್ಲು ಕಚ್ಚಿಕೊಂಡೇ ಹೇಳಿದಳು. ಸಿಟ್ಟು ಹಾಗೇ ಇತ್ತು, ಆದರೆ ನಮ್ಮ ಮೇಲಿದ್ದಂತೆ ಕಾಣಲಿಲ್ಲ.

ಮೇಷ್ಟ್ರು ಕೆಮ್ಮಿದರು. "ಹಾಗಾದ್ರೆ, ಅಂ... ಬೀಗದ ಕೈ?"

"ಕೊಡಿ" ಎಂದರು ಕಾವೇರಮ್ಮ. "ಪ್ರತಿ ಭಾನುವಾರ ನಾನೂ ಒಳಗೆ ಕೂರ್ತೀನಿ. ತೂಕದ ಮಿಷನ್ ಕಂಡ ದಿನ ಗಾನವಿ ಒಬ್ಬಳನ್ನೇ ಅಲ್ಲ, ಇರೋ ಮಕ್ಕಳನ್ನೆಲ್ಲ ಎಬ್ಬಿಸ್ಕೊಂಡು ಹೋಗ್ತೀನಿ."

"ಕೂತ್ಕೊಳ್ಳಿ. ಪಾಠದ ಮಧ್ಯೆ ಬಾಯಿ ಹಾಕ್ಬೇಡಿ."

"ಹಾಕ್ತೀನಿ."

ತೇಜಸ್ವಿನಿ ಅವರನ್ನೇ ದಿಟ್ಟಿಸಿದಳು. ಮೇಷ್ಟ್ರು ಚಾಚಿದ ಬೀಗದ ಕೈಯನ್ನು ಥ್ಯಾಂಕ್ಸ್ ಕೂಡ ಹೇಳದೆ ಎಳೆದುಕೊಂಡಳು.

"ಒಂಬತ್ತು ಗಂಟೆಗೆ ಶುರು. ಲೇಟಾದ್ರೆ ಬಾಗ್ಲು ತೆಗೆಯಲ್ಲ. ನಿಮಗೂ."