ಹುಲಗೆಮ್ಮನ ಕೊಡ, ನೆಲದ ಕಾವು

ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಹೇಮಗುಡ್ಡದ ಬುಡದ ಆ ಸಣ್ಣ ಊರಿನಲ್ಲಿ ಯಾರ ಮನೆಗೆ ಹೋದರೂ ಒಂದೇ ಮಾತು: ಚಿಮಣಿ ಎಣ್ಣೆ ಬಂತೇನು? ಬಂದ ದಿನ ಅಂಗಡಿಯ ಮುಂದೆ ಹೊತ್ತು ಹುಟ್ಟುವ ಮೊದಲೇ ಡಬ್ಬಿಗಳ ಸಾಲು. ಹುಲಗೆಮ್ಮನ ಗಂಡ ಪಂಪಣ್ಣ ಅಂದೂ ಸಾಲಿನಲ್ಲಿ ನಿಂತು ನಿಂತು, ಕೊನೆಗೆ ಖಾಲಿ ಡಬ್ಬಿ ಅಲ್ಲಾಡಿಸುತ್ತ ಮನೆಗೆ ಬಂದ.

"ತೀರಿತಂತ. ನನ್ನ ಮುಂದ ನಿಂತಾಂವನ ಡಬ್ಬಿಗೇ ಕಡೀ ಹನಿ ಬಿತ್ತು," ಎಂದು ಡಬ್ಬಿಯನ್ನು ಮೂಲೆಗೆ ಎಸೆದ. "ಅಲ್ಲೆ ನೋಡಿದ್ರ ಸರಕಾರದ ಜೀಪು ಬಂದು ನಿಂತೈತಿ. ಗುಡ್ಡದ ಬುಡದಾಗಿನ ಹಾಳ ಬೋರಿನ್ಯಾಗ ಹಗ್ಗ ಇಳಿಸಿ ನೆಲದ ಕಾವು ನೋಡ್ತಾರಂತ! ನಮ್ಮ ದೀಪಕ್ಕ ಎಣ್ಣಿ ಕೊಡಾಕ ರೊಕ್ಕ ಇಲ್ಲ, ತೂತಿನ ಜ್ವರ ಅಳಿಯಾಕ ಐತಿ ನೋಡು!"

ರೊಟ್ಟಿ ಬಡಿಯುತ್ತಿದ್ದ ಹುಲಗೆಮ್ಮನ ಕೈ ಅಲ್ಲೇ ನಿಂತಿತು. ಚಿಮಣಿ ಎಣ್ಣೆಯ ಚಿಂತೆ ಎಲ್ಲಿಗೋ ಹೋಯಿತು. ಆ ಬೋರಿನ ವಿಷಯ ಅವಳಿಗೆ ಬೇರೆಯೇ ಆಗಿತ್ತು.

ಹಿಂದೆ ಯಾವಾಗಲೋ ಖನಿಜ ಹುಡುಕುವವರು ಬಂದು, ಆ ಬಂಡೆಗಲ್ಲಿನಲ್ಲಿ ಬಲು ಆಳದ ತೂತು ಕೊರೆದು, ಏನೂ ಸಿಗದೆ ಕಬ್ಬಿಣದ ಕೊಳವೆಯನ್ನು ಹಾಗೇ ಬಿಟ್ಟು ಹೋಗಿದ್ದರು. ಚಳಿಗಾಲದ ಮುಂಜಾನೆ ಆ ಕೊಳವೆಯ ಬಾಯಿಗೆ ಕೈ ಹಿಡಿದರೆ ಒಳಗಿನಿಂದ ಬೆಚ್ಚನೆ ಉಸಿರು ಬರುತ್ತಿತ್ತು. ತಳಕಲ್ಲು ಊರಿನ ತವರುಮನೆಯಲ್ಲಿ ಜೋಳ ತುಂಬಿದ ಹಗೇವಿನ ಬಾಯಿ ತೆಗೆದಾಗ ನೆಲದೊಳಗಿನ ಆ ಕಣಜದಿಂದ ಬರುತ್ತಿದ್ದ ಹವೆ ಅವಳಿಗೆ ನೆನಪಾಗುತ್ತಿತ್ತು. ಆದರೆ ಹಗೇವಿನ ಕಾವು ತುಸು ಹೊತ್ತಿಗೆ ಆರುತ್ತದೆ. ಈ ಕೊಳವೆಯದು ಆರುತ್ತಲೇ ಇರಲಿಲ್ಲ.

ಎರಡು ವರ್ಷದ ಹಿಂದೆ ಮಗಳು ಮಾರೆವ್ವನ ಚೊಚ್ಚಲ ಕೂಸು ಮೈಯೆಲ್ಲ ಕೆಂಡವಾಗಿ ಹೋಗಿಬಿಟ್ಟಿತು. ಅಂದಿನಿಂದ ಹುಲಗೆಮ್ಮನ ತಲೆಯಲ್ಲಿ ಒಂದೇ ಗುಂಗು. ನೆಲದೊಳಗೆ ತಾಯಿ ಉರಿಯುತ್ತಿದ್ದಾಳೆ, ಅದಕ್ಕೇ ಮನೆಯ ಕೂಸು ಬೆಂದಿತು, ತಾಯಿಯನ್ನು ತಂಪು ಮಾಡಬೇಕು. ಊರಲ್ಲಿ ದೇವಿಗೆ ನೀರು ಸುರಿದು ತಂಪು ಮಾಡುವ ಪದ್ಧತಿ ಇದ್ದದ್ದೇ. ಅವಳು ಗುಡಿಯ ಬದಲು ಕೊಳವೆಯನ್ನು ಹಿಡಿದಳು. ಮಂಗಳವಾರ ಬಂತೆಂದರೆ ಬೇವಿನ ಎಲೆ ಹಾಕಿದ ಕೊಡದ ನೀರು ಆ ತೂತಿಗೆ. ಈಗ ಮಾರೆವ್ವ ಮತ್ತೆ ದಿನ ತುಂಬುತ್ತ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಈ ಕೂಸಾದರೂ ಉಳಿಯಬೇಕು. ಹುಲಗೆಮ್ಮನಿಗೆ ಲೋಕದಲ್ಲಿ ಬೇಕಾದದ್ದು ಅದೊಂದೇ.

ಮರುದಿನವೇ ಅವಳು ಗುಡ್ಡದ ಬುಡಕ್ಕೆ ನಡೆದಳು. ಜೀಪಿನ ಪಕ್ಕದಲ್ಲಿ ದಪ್ಪ ರಾಟೆ. ಅದಕ್ಕೆ ಸುತ್ತಿದ ಕರೀ ತಂತಿಯನ್ನು ಶಬ್ಬೀರಸಾಬ ಎಂಬಾತ ನಿಧಾನಕ್ಕೆ ಕೊಳವೆಯೊಳಗೆ ಬಿಡುತ್ತಿದ್ದ. ಗಡಿಯಾರದಂಥ ಮುಳ್ಳಿನ ಪೆಟ್ಟಿಗೆಯ ಮುಂದೆ ಕುಳಿತಿದ್ದದ್ದು ಕುಪ್ಪಸದ ತೋಳು ಮಡಚಿದ ಒಬ್ಬ ಹೆಣ್ಣುಮಗಳು! ಸರಕಾರದ ಸಾಹೇಬರೆಂದರೆ ಮೀಸೆ ಇರಲೇಬೇಕು ಎಂದುಕೊಂಡಿದ್ದ ಹುಲಗೆಮ್ಮ ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟಳು.

"ಬರ್ರಿ ಯವ್ವಾ, ಯಾಕ ದೂರ ನಿಂತ್ರಿ?" ಎಂದಳು ಆ ಹುಡುಗಿ. "ನಾ ಶಿವಬಸಮ್ಮ. ಯಲಬುರ್ಗಿ ಕಿರಾಣಿ ಅಂಗಡಿ ಕರಿಬಸಪ್ಪನ ಮಗಳು. ಧಾರವಾಡದಾಗ ಕಲ್ಲು-ಮಣ್ಣಿನ ವಿದ್ಯಾ ಕಲ್ತೀನಿ."

"ಕಲ್ಲು-ಮಣ್ಣು ಕಲಿಯಾಕ ಧಾರವಾಡಕ್ಕ ಹೋಗ್ಬೇಕೇನ್ರಿ ಅಕ್ಕಾರ? ನಮ್ಮ ಹೊಲದಾಗ ಬೇಕಾದಷ್ಟು ಅದಾವ," ಎಂದು ಹಿಂದಿನಿಂದ ಪಂಪಣ್ಣನ ದನಿ. ಹೆಂಡತಿ ಎಲ್ಲಿಗೆ ಹೊರಟಳೆಂದು ನೋಡಲು ಅವನೂ ಬಂದಿದ್ದ.

ಶಿವಬಸಮ್ಮ ಮನಸಾರೆ ನಕ್ಕಳು. ಆದರೆ ಅವಳ ಮುಖದಲ್ಲಿ ಚಿಂತೆಯೂ ಇತ್ತು. "ಏನ್ ಹೇಳ್ಲಿ ಅಣ್ಣಾರ. ನೆಲದಾಗ ಆಳಕ್ಕ ಹೋದಂಗ ಕಾವು ಒಂದೇ ನಮೂನಿ ಏರ್ಬೇಕು. ಇಲ್ಲೆ ಏರ್ತೈತಿ, ನಡುವ ಥಟ್ಟನ ಇಳೀತೈತಿ, ಮತ್ತ ಏರ್ತೈತಿ. ಯಾರೋ ಒಳಗ ನೀರ ಸುರುವ್ಯಾರ. ಈ ಲೆಕ್ಕ ಹಿಂಗ ಸೊಟ್ಟ ಬಂದ್ರ ಮ್ಯಾಲಿನವರು ಈ ಬೋರನ್ನ ಕೈ ಬಿಡ್ತಾರ."

ಪಂಪಣ್ಣ ಹೆಂಡತಿಯ ಮುಖ ನೋಡಿದ, ಆಮೇಲೆ ಆಕಾಶ ನೋಡಿದ. ಮುಚ್ಚಿಡುವುದು ಅವಳ ಗುಣವಲ್ಲ. "ನಾನ್ರಿ ಅಕ್ಕಾರ," ಎಂದಳು. ಕೂಸಿನ ಕಥೆಯನ್ನೆಲ್ಲ ಹೇಳಿ ಅತ್ತಳು.

ಶಿವಬಸಮ್ಮ ಸಿಟ್ಟಾಗಲಿಲ್ಲ. ಎದ್ದು ಬಂದು ಅವಳನ್ನು ಬಂಡೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು.

"ಯವ್ವಾ, ನಾವು ಕುಂತ ಈ ಕಲ್ಲು ಐತಲ್ಲ, ಇದಕ್ಕ ಇನ್ನೂರು ಕೋಟಿ ವರ್ಷದ ಮ್ಯಾಲೆ ವಯಸ್ಸಾಗೈತಿ. ಇದು ಹುಟ್ಟಿದಾಗ ಗಿಡ ಇರಲಿಲ್ಲ, ಹಕ್ಕಿ ಇರಲಿಲ್ಲ, ಮನಷ್ಯಾ ಇರಲಿಲ್ಲ. ಇದರ ಕೆಳಗ, ಇನ್ನೂ ಕೆಳಗ, ಭೂಮಿ ಹುಟ್ಟಿದಾಗಿನ ಕಾವು ಇವತ್ತಿಗೂ ಆರಿಲ್ಲ. ಮ್ಯಾಲಿನ ಈ ಕಲ್ಲೂ ತನ್ನೊಳಗ ಸಣ್ಣಗ ಕಾವು ಹುಟ್ಟಿಸ್ಕೋತ ಕುಂತೈತಿ. ಯಾರೂ ಕಟಗಿ ಹಾಕಂಗಿಲ್ಲ, ಯಾರೂ ಊದಂಗಿಲ್ಲ. ನೀವು ಉಸಿರು ಅಂತೀರಲ್ಲ, ಅದು ಆ ಕಾವಿಂದು. ತಾಯಿ ಅಂದ್ರ ತಾಯೇ. ಆದ್ರ ಅದು ಸಿಟ್ಟಲ್ಲ."

ಹುಲಗೆಮ್ಮ ತಾನು ಕುಳಿತ ಬಂಡೆಯನ್ನು ಮೆಲ್ಲಗೆ ಸವರಿದಳು. ಹುಟ್ಟಿದಾಗಿನಿಂದ ಇಂಥ ಬಂಡೆಗಳ ನಡುವೆಯೇ ಸಗಣಿ ತಟ್ಟಿ, ಬಟ್ಟೆ ಒಣಗಿಸಿ ಬದುಕಿದವಳು. ಅವು ಇಷ್ಟು ಹಿರಿಯರೆಂದು ಯಾರೂ ಹೇಳಿರಲಿಲ್ಲ. ಕಾಲು ಚಾಚಿ ಕುಳಿತಿದ್ದವಳು ತನಗೇ ತಿಳಿಯದಂತೆ ಕಾಲು ಮಡಚಿಕೊಂಡಳು.

ಪಂಪಣ್ಣ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಇರ್ಲಿರಿ. ಕಾವು ಐತಿ, ಒಪ್ಪಿದೆ. ಅದನ್ನ ಅಳಿಯಾಕ ಸರಕಾರ ಯಾಕ ರೊಕ್ಕ ಸುರೀಬೇಕು?"

"ನಿನ್ನಿ ನೀವು ಖಾಲಿ ಡಬ್ಬಿ ಅಲ್ಲಾಡಿಸ್ಕೋತ ಮನಿಗೆ ಹೋಗೋದನ್ನ ನಾ ನೋಡೀನ್ರಿ ಅಣ್ಣಾರ, ಅದಕ್ಕ. ಎಣ್ಣಿ ಪರದೇಶದಿಂದ ಬರ್ಬೇಕು, ಅವರು ಹೇಳಿದ್ದ ರೇಟು. ಹಿಮಾಲಯದ ಕಡೆ ನೆಲದಿಂದ ಕುದಿಯೋ ನೀರು ಚಿಮ್ಮತೈತಿ. ಜನ ಅರಿವ್ಯಾಗ ಅಕ್ಕಿ ಕಟ್ಟಿ ಅದರಾಗ ಇಳಿಬಿಟ್ಟು ಅನ್ನ ಮಾಡ್ತಾರ. ಕೆಲವು ದೇಶದಾಗ ನೆಲದ ಆವಿ ಹಿಡಿದು ಕರೆಂಟ್ ತಗೀತಾರ. ನಮ್ಮ ದೇಶದಾಗ ಆ ಕಾವು ಎಲ್ಲೆ ಕೈಗೆ ಸಿಗತೈತಿ, ಎಲ್ಲೆ ಸಿಗಂಗಿಲ್ಲ, ಅದು ಗೊತ್ತಾಗ್ಬೇಕೋ ಬ್ಯಾಡೋ?"

"ಇಲ್ಲೆ ಸಿಗಲಿಲ್ಲಂದ್ರ? ರೊಕ್ಕ ದಂಡ!"

"ಬಿತ್ತೋ ಮುಂದ ನೀವು ಒಂದು ಹಿಡಿ ಬೀಜ ಒದ್ದಿ ಅರಿವ್ಯಾಗ ಕಟ್ಟಿ ಇಡ್ತೀರಲ್ರಿ, ಮೊಳೀತಾವೋ ಇಲ್ಲೋ ಅಂತ? ಮೊಳೀಲಿಲ್ಲಂದ್ರ ಆ ಹಿಡಿ ದಂಡ ಆತೇನು?"

ಪಂಪಣ್ಣ ಕಡ್ಡಿ ಗೀರಿ ಬೀಡಿ ಹಚ್ಚಿದ. ಕಳೆದ ಮುಂಗಾರಿನಲ್ಲಿ ಹಾಗೆ ಕಟ್ಟಿ ನೋಡಿದ್ದರಿಂದಲೇ ಅವನ ಇಡೀ ಹೊಲ ಉಳಿದಿತ್ತು.

"ಮತ್ತ ಅದು ನಿಮ್ಮ ರೊಕ್ಕನ. ನೀವು ಬೀಡಿ ಹಚ್ಚೋ ಕಡ್ಡಿಪೆಟ್ಟಿಗಿ ಮ್ಯಾಲೂ ತೆರಿಗಿ ಐತಿ. ಅದಕ್ಕ ನೀವು ಕೇಳಿದ್ದು ಛಲೋ ಆತು. ಕೇಳ್ರಿ, ನಾವು ಹೇಳ್ತೀವಿ," ಎಂದು ಶಿವಬಸಮ್ಮ ಹುಲಗೆಮ್ಮನ ಕಡೆ ತಿರುಗಿದಳು. "ಯವ್ವಾ, ಹಣಿ ಮ್ಯಾಲೆ ತಣ್ಣೀರ ಪಟ್ಟಿ ಇಟ್ಟು ಜ್ವರ ನೋಡಿದ್ರ ಖರೇ ಕಾವು ತಿಳೀತೈತೇನು? ಈ ಬೋರು ಕೆಲವು ವಾರ ಸುಮ್ನ ಇರ್ಬೇಕು. ಒಂದು ಹನಿ ಸೈತ ಬೀಳಬಾರದು. ಮಾಡ್ತೀರಿ?"

ಹುಲಗೆಮ್ಮ ಹೂಂ ಎಂದಳು. ಹೂಂ ಎನ್ನುವುದು ಸುಲಭ. ಮೊದಲ ಮಂಗಳವಾರ ಖಾಲಿ ಕೊಡವನ್ನು ಮನೆಯೊಳಗೇ ಸುಮ್ಮನೆ ತೊಳೆದು ತೊಳೆದು ಇಟ್ಟಳು. ಎರಡನೆಯ ಮಂಗಳವಾರದ ಮುಂಜಾನೆ ಮಾರೆವ್ವ ಏಳಲಿಲ್ಲ. ಮುಟ್ಟಿದರೆ ಮೈ ಸುಡುತ್ತಿತ್ತು.

ಹುಲಗೆಮ್ಮನಿಗೆ ಮುಂದಿನದು ಕಾಣಲಿಲ್ಲ. ಕೊಡ ತುಂಬಿಕೊಂಡು, ಬೇವಿನ ಎಲೆ ಕಿತ್ತು ಹಾಕಿ, ಗುಡ್ಡದ ಬುಡಕ್ಕೆ ಓಡಿದಳು. ಕೊಳವೆಯಿಂದ ಬೆಚ್ಚನೆ ಉಸಿರು ಬರುತ್ತಲೇ ಇತ್ತು. ಕೊಡ ಬಾಗಿಸಬೇಕು, ಅಷ್ಟರಲ್ಲಿ ಜೀಪಿನ ಕಡೆಯಿಂದ ಶಿವಬಸಮ್ಮ ಬಂದಳು.

"ತಪ್ಪು ಮಾಡಿದೆ, ತಾಯಿ ಉರಿ ಬಿಟ್ಟಾಳ! ಮಾರೆವ್ವನ ಮೈ ಸುಡಾಕ ಹತ್ತೈತಿ. ತಡೀಬ್ಯಾಡ್ರಿ ಅಕ್ಕಾರ!"

ಶಿವಬಸಮ್ಮ ಅವಳ ಕೈ ಹಿಡಿಯಲಿಲ್ಲ. "ತಡಿಯಂಗಿಲ್ಲ ಯವ್ವಾ. ನಿಮ್ಮ ಮನಸ್ಸಿಗೆ ಬಂದ್ರ ಸುರುವ್ರಿ. ನನ್ನ ಲೆಕ್ಕ ಹೋದ್ರ ಹೋಗ್ಲಿ. ಆದ್ರ ಜ್ವರ ಇರೋದು ಮಾರೆವ್ವನ ಮೈಯಾಗ, ಈ ತೂತಿನ್ಯಾಗಲ್ಲ. ಮೊದ್ಲು ಆಕಿನ್ನ ಜೀಪಿನ್ಯಾಗ ಹಾಕ್ಕೊಂಡು ಗಂಗಾವತಿ ದವಾಖಾನಿಗೆ ಹೋಗೂಣು. ಹೊತ್ತು ಕಳೀಬ್ಯಾಡ್ರಿ."

ಹುಲಗೆಮ್ಮ ಒಮ್ಮೆ ಕೊಳವೆಯನ್ನು, ಒಮ್ಮೆ ಊರಿನ ದಾರಿಯನ್ನು ನೋಡಿದಳು. ಹೋದ ಸಲ ಚೊಚ್ಚಲ ಕೂಸಿಗೆ ಜ್ವರ ಬಂದಾಗ ತಾವು ಗುಡಿಗೆ ನೀರು ಹೊತ್ತದ್ದು, ದವಾಖಾನೆಗೆ ಹೋಗುವುದನ್ನು ನಾಳೆ ನಾಳೆ ಎಂದದ್ದು ಅವಳ ಕರುಳಿಗೆ ಚುಚ್ಚಿತು. ತುಂಬಿದ ಕೊಡವನ್ನು ಕೊಳವೆಯ ಪಕ್ಕ ನೆಲಕ್ಕಿಟ್ಟು ಜೀಪು ಹತ್ತಿದಳು.

ದವಾಖಾನೆಯಲ್ಲಿ ಮಾರೆವ್ವನ ರಕ್ತ ನೋಡಿದರು. ಸೊಳ್ಳೆಯಿಂದ ಬಂದ ಮಲೇರಿಯಾ ಅಂದರು. ಗರ್ಭಿಣಿಗೆ ತಕ್ಕ ಔಷಧ ಕೊಟ್ಟು ಅಲ್ಲೇ ಇರಿಸಿಕೊಂಡರು. ಇನ್ನೂ ತಡಮಾಡಿದ್ದರೆ ತಾಯಿ-ಕೂಸು ಇಬ್ಬರಿಗೂ ಕಷ್ಟವಿತ್ತು ಎಂದು ಡಾಕ್ಟರು ಹೇಳಿದಾಗ ಪಂಪಣ್ಣ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ. ಕೆಲವು ದಿನದಲ್ಲಿ ಜ್ವರ ಇಳಿದು ಮಾರೆವ್ವ ಎದ್ದು ಕುಳಿತಳು, ಹಸಿವು ಅಂದಳು. ಹುಲಗೆಮ್ಮ ಊರಿಗೆ ಮರಳಿದಾಗ ಕೊಡ ಇಟ್ಟಲ್ಲೇ ಇತ್ತು. ಗುಬ್ಬಿಗಳು ಅದರ ಬಾಯಿಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದವು. ಉಳಿದ ನೀರನ್ನು ದೂರದ ಬೇವಿನ ಗಿಡದ ಬುಡಕ್ಕೆ ಸುರಿದಳು.

ವಾರಗಳು ಕಳೆದು ಅಳೆಯುವ ದಿನ ಬಂತು. ಮಾಘದ ಚಳಿ, ಸೂರ್ಯ ಇನ್ನೂ ಬಂಡೆಗಳ ಹಿಂದೆಯೇ ಇದ್ದ. ತಂತಿ ಇಳಿಯುತ್ತ ಹೋಯಿತು. ಪೆಟ್ಟಿಗೆಯ ಮುಳ್ಳು ಇಳಿಯುವ ಮಾತೇ ಆಡದೆ ಮೇಲಕ್ಕೆ, ಮತ್ತೂ ಮೇಲಕ್ಕೆ ಸರಿಯಿತು. ಶಿವಬಸಮ್ಮ ಮುಳ್ಳು ತೋರಿದ್ದನ್ನು ಬರೆದುಕೊಳ್ಳುತ್ತ ಹೋದಳು. "ಸರಳ ಬಂತು!" ಎಂದು ಕೂಗಿ ಶಬ್ಬೀರಸಾಬನ ಬೆನ್ನಿಗೆ ಗುದ್ದಿದಳು.

ಆಮೇಲೆ ತಂತಿಯ ತುದಿಗೆ ಉದ್ದನೆಯ ಮುಚ್ಚಳದ ಡಬ್ಬಿ ಕಟ್ಟಿ, ಕೊಳವೆಯೊಳಗೆ ನೀರು ಶುರುವಾಗುವಲ್ಲಿಂದ ಒಂದು ಚಂಬು, ತೀರ ತಳದಿಂದ ಒಂದು ಚಂಬು ನೀರು ತೆಗೆದರು. "ಯವ್ವಾ, ನೀವ ನೋಡ್ರಿ," ಎಂದಳು ಶಿವಬಸಮ್ಮ.

ಹುಲಗೆಮ್ಮ ಊರಿನ ಅದೆಷ್ಟೋ ಕೂಸುಗಳಿಗೆ ಎರೆದವಳು. ನೀರಿನ ಹದ ನೋಡಲು ಅವಳು ಬೆರಳು ಅದ್ದುವುದಿಲ್ಲ, ಮೊಣಕೈ ಅದ್ದುತ್ತಾಳೆ. ಮೊದಲ ಚಂಬಿನ ನೀರು ಚಳಿಗಾಲದ ಬಾವಿ ನೀರಿನಂತಿತ್ತು. ಎರಡನೆಯದನ್ನು ಮೊಣಕೈ ಮೇಲೆ ಸುರಿದುಕೊಂಡಳು. ಅವಳ ಕಣ್ಣು ಅರಳಿದವು. ಇನ್ನೊಮ್ಮೆ ಸುರಿದುಕೊಂಡಳು.

"ಇದು ಜ್ವರ ಅಲ್ಲ ಅಕ್ಕಾರ," ಎಂದಳು. "ಜ್ವರದ ಕಾವು ನನಗ ಗೊತ್ತೈತಿ. ಇದು ಈಗ ಎರೆದು ಮಲಗಿಸಿದ ಕೂಸಿನ ಮೈ ಇದ್ದಂಗ ಐತಿ. ಗುಣವಾಗಿರೋ ಕೂಸಿಂದು."

ಬೆಂಕಿಯಿಲ್ಲ, ಒಲೆಯಿಲ್ಲ, ಕತ್ತಲ ಕಲ್ಲಿನ ತಳದಿಂದ ಬಂದ ಆ ಬೆಚ್ಚನೆ ನೀರನ್ನು ಪಂಪಣ್ಣನೂ ಅಂಗೈಯಲ್ಲಿ ಹಿಡಿದು ನಿಂತ. ಮೇಲೆ ಹೇಮಗುಡ್ಡ, ಕೆಳಗೆ ಎಂದೂ ಆರದ ಕಾವು. ಇಷ್ಟು ದಿನ ಇದರ ಮೇಲೆಯೇ ಓಡಾಡಿದೆವಲ್ಲ ಎಂದು ಅವರಿಗೆ ಮೈ ಜುಮ್ಮೆಂದಿತು.

"ಇದರಿಂದ ಕರೆಂಟ್ ಬರ್ತೈತೇನ್ರಿ?" ಎಂದು ಪಂಪಣ್ಣ ಮೆಲ್ಲಗೆ ಕೇಳಿದ.

"ಖರೇ ಹೇಳ್ತೀನಿ, ಬರಂಗಿಲ್ಲ," ಎಂದಳು ಶಿವಬಸಮ್ಮ. "ನಿಮ್ಮ ಕಲ್ಲು ಭಾಳ ಹಳೇದು, ಕಾವು ಭಾಳ ನಿಧಾನ ಏರ್ತೈತಿ. ಆದ್ರ ಎಷ್ಟು ನಿಧಾನ ಅಂತ ಇವತ್ತು ಗೊತ್ತಾತು. ಬ್ಯಾರೆ ಕಡೆ ಅಳದಿದ್ದನ್ನ ಇದರ ಜೋಡಿ ಇಟ್ಟು ನೋಡ್ತೀವಿ. ಎಲ್ಲೆ ಕೊರೀಬೇಕು, ಎಲ್ಲೆ ಕೊರೀಬಾರದು ಅನ್ನೋದು ಆವಾಗ ತಿಳೀತೈತಿ."

"ಹಂಗಾದ್ರ ರೊಕ್ಕ ದಂಡ ಅಲ್ಲ ಬಿಡ್ರಿ," ಎಂದ ಪಂಪಣ್ಣ. "ಒದ್ದಿ ಅರಿವ್ಯಾಗಿನ ಬೀಜ."

ಶಿವರಾತ್ರಿಯ ಮುಂದೆ ಗಂಗಾವತಿಯ ದವಾಖಾನೆಯಲ್ಲೇ ಮಾರೆವ್ವನಿಗೆ ಹೆಣ್ಣುಕೂಸು ಹುಟ್ಟಿತು. ಹುಲಗೆಮ್ಮ ಅದನ್ನು ಎತ್ತಿಕೊಂಡು ಮೊಣಕೈಗೆ ತಾಗಿಸಿಕೊಂಡಳು. ಅದೇ ಕಾವು. ಅವಳು ನಕ್ಕಳು, ಅತ್ತಳು, ಮೊಮ್ಮಗಳ ಹಣೆಗೆ ಮುತ್ತಿಟ್ಟಳು. ಈಗ ಆ ಕೊಳವೆಗೆ ಮುಚ್ಚಳ ಬಂದಿದೆ. ಯಾರಾದರೂ ಅದರ ಹತ್ತಿರ ಕಲ್ಲು ಹಿಡಿದು ಸುಳಿದರೆ ಮೊದಲು ಕೇಳುವುದು ಪಂಪಣ್ಣನ ಬೈಗುಳವೇ.

ಅಕ್ಕ-ತಂಗಿಯರೆ, ಅಣ್ಣ-ತಮ್ಮಂದಿರೆ, ನಿಮ್ಮ ಊರಿನ ಅಂಚಿನಲ್ಲೂ ಇಂಥ ಕೊಳವೆ ಇರಬಹುದು. ಅದಕ್ಕೆ ಕಲ್ಲು ಹಾಕಬೇಡಿ, ನೀರು ಸುರಿಯಬೇಡಿ. ಬಾಯಿ ತೆರೆದಿದ್ದರೆ ಪಂಚಾಯತಿಗೆ ಹೇಳಿ ಮುಚ್ಚಳ ಹಾಕಿಸಿ. ನೆಲವನ್ನು ಅಳೆಯಲು ಯಾರಾದರೂ ಬಂದರೆ ಏತಕ್ಕೆ, ಯಾರ ದುಡ್ಡಿನಲ್ಲಿ ಎಂದು ಧೈರ್ಯವಾಗಿ ಕೇಳಿ. ಅದು ನಿಮ್ಮದೇ ದುಡ್ಡು. ಉತ್ತರ ಕೇಳಿದ ಮೇಲೆ ಅವರಿಗೆ ನಾಲ್ಕು ದಿನ ನೆರವಾಗಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ದವಾಖಾನೆಗೆ ನಡೆಯಿರಿ. ನಾಳೆ ಬೆಳಿಗ್ಗೆ ಅಂಗಳಕ್ಕೆ ಬಂದಾಗ ಒಂದು ಗಳಿಗೆ ಬರಿಗಾಲಲ್ಲಿ ನಿಲ್ಲಿ. ನೆಲ ತಣ್ಣಗೆ ಅನ್ನಿಸೀತು. ಅದರೊಳಗೆ ಬಲು ಆಳದಲ್ಲಿ, ಹುಲಗೆಮ್ಮನ ಮೊಣಕೈ ಕಂಡ ಆ ಕಾವು ಇದೆ.