ಹಿತ್ತಿಲ ಲೈಲಾಕ್

ಲೈಲಾಕ್ ಅರಳಿತೆಂದರೆ ನಮ್ಮಮ್ಮ ನೆವೆನಾಗೂ ದೊಡ್ಡಮ್ಮ ಸೆವ್ದಾಗೂ ಜಗಳ ಶುರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಜಗಳಕ್ಕೆ ಮಾತ್ರ ಇನ್ನೂ ಹರೆಯ. ಹಳ್ಳಿಯ ತವರುಮನೆ ಹಿತ್ತಿಲಲ್ಲಿರುವ ಲೈಲಾಕ್ ಪೊದೆಯನ್ನು ನೆಟ್ಟವರು ಯಾರು ಎಂಬುದೇ ವ್ಯಾಜ್ಯ.

ಈ ಸಲ ಸಂತ ಜಾರ್ಜನ ಹಬ್ಬಕ್ಕೆ ಕುರಿಮರಿ ಸುಟ್ಟಿದ್ದೆವು. ಮೊದಲ ತುಂಡು ಬಾಯಿಗಿಡುವ ಮುನ್ನವೇ ದೊಡ್ಡಮ್ಮ ಶುರುಮಾಡಿದಳು.

“ಅದು ಅಪ್ಪ, ಅಮ್ಮನ ಮೇಲಿನ ಪ್ರೀತಿಗೆ ನೆಟ್ಟಿದ್ದು ಕಣೇ.”

“ಅಪ್ಪನಾ? ಅಮ್ಮನ ಹೆಸರಿನ ಸಂತಳ ಹಬ್ಬದ ದಿನ ಅಮ್ಮನಿಗೆ ಉಡುಗೊರೆ ಅಂತ ಗುದ್ದಲಿ ತಂದುಕೊಟ್ಟ ಮನುಷ್ಯ ಅದು! ಅಮ್ಮನೇ ತವರಿಂದ ಸಸಿ ತಂದಿದ್ದು.”

“ನೀನಾಗ ಹುಟ್ಟೇ ಇರ್ಲಿಲ್ಲ.”

“ನೀನು ಹುಟ್ಟಿದ್ಯಾ?”

ನನಗೆ ಸಾಕಾಯಿತು. “ಏಳಿ, ಹೋಗಿ ಕೇಳೇಬಿಡೋಣ” ಎಂದು ಇಬ್ಬರನ್ನೂ ಕಾರಿಗೆ ಹತ್ತಿಸಿದೆ. ಆ ಮನೆಯನ್ನು ಎಷ್ಟೋ ವರ್ಷಗಳ ಹಿಂದೆ ಪಕ್ಕದ ಮನೆಯ ತೊಂಕಜ್ಜಿಯೇ ಕೊಂಡಿದ್ದಳು. ಅಜ್ಜಿಗೆ ತೊಂಬತ್ತಾದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ. ಗೇಟಿನ ಬಳಿ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದವಳು ಇಬ್ಬರ ವಾದವನ್ನೂ ಕೇಳಿ ಸಿಪ್ಪೆ ಉಗುಳಿದಳು.

“ಪ್ರೀತಿಯಂತೆ, ತವರಂತೆ! ಅಲ್ಲಿ ಪಾಯಿಖಾನೆ ಇತ್ತು ಕಣ್ರೇ, ಮರ್ತುಬಿಟ್ರಾ? ದಾರಿಗೆ ನೇರ ಕಾಣೋದು. ನಿಮ್ಮಪ್ಪ ಬಾಗಿಲು ಹಾಕ್ದೇ ಕೂತು, ಹೋಗೋರು ಬರೋರನ್ನೆಲ್ಲ ಮಾತಾಡಿಸೋನು. ‘ಇದಕ್ಕೊಂದು ಮರೆ ಮಾಡ್ತೀಯೋ, ನಾನೇ ಮನೆ ಬಿಟ್ಟು ಹೋಗ್ಲೋ’ ಅಂದ್ಲು ನಿಮ್ಮಮ್ಮ. ಅವನು ನಮ್ಮ ಬೇಲಿಯಿಂದ ಲೈಲಾಕ್ ಸಸಿ ಕಿತ್ಕೊಂಡು ಹೋಗಿ ನೆಟ್ಟ. ನನ್ನ ಒಂದು ಮಾತು ಕೇಳ್ಲೂ ಇಲ್ಲ!”

ಹೂವನ್ನು ಉಳಿಸಿಕೊಂಡು ಪಾಯಿಖಾನೆಯನ್ನು ಇಬ್ಬರೂ ನೆನಪಿನಿಂದ ಗುಡಿಸಿಹಾಕಿದ್ದರು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡಮ್ಮನ ಮುಖ ಕೆಂಪಾಯಿತು.

“ಅಯ್ಯೋ, ‘ನಮ್ಮಪ್ಪನ್ನ ನೋಡಿ ಕಲೀರಿ’ ಅಂತ ಗಂಡನ್ನ ಜೀವಮಾನವೆಲ್ಲ ಹಂಗಿಸಿದ್ನಲ್ಲೇ!”

“ಪುಣ್ಯಾತ್ಮ ಕಲೀಲಿಲ್ಲ, ನೀನು ಬಚಾವಾದೆ!”

“ನಗ್ಬೇಡಿ,” ಎಂದಳು ತೊಂಕಜ್ಜಿ. ದನಿ ತುಸು ಮೆತ್ತಗಾಗಿತ್ತು. “ಅದು ಹೂ ಬಿಡೋಕೆ ಶುರುವಾದ್ಮೇಲೆ ನಿಮ್ಮಮ್ಮ ಅಲ್ಲಿಗೆ ಹೋದ್ರೆ ಬೇಗ ಬರ್ತಾನೇ ಇರ್ಲಿಲ್ಲ. ಅತ್ತೆ, ಮೈದುನರು, ನೀವಿಬ್ಬರು ಪಿಶಾಚಿಗಳು... ಯಾರೂ ಅವಳನ್ನ ಕರೀದೇ ಇರೋ ಜಾಗ ಅಂದ್ರೆ ಅದೊಂದೇ. ಹೂವಿನ ವಾಸನೆ ಹೀರ್ತಾ ಹಾಡೋಳು. ನಾನು ಬಟ್ಟೆ ಹರವೋದು ಬಿಟ್ಟು ಬೇಲಿ ಈಚೆ ನಿಂತು ಕೇಳ್ತಿದ್ದೆ.”

ದೊಡ್ಡಮ್ಮ ಕೋಟಿನ ತೋಳಿನಿಂದ ಮೂಗೊರೆಸಿಕೊಂಡು ಹಿತ್ತಿಲಿಗೆ ನಡೆದಳು. ಅಮ್ಮ ಹಿಂದೆಯೇ ಹೋದಳು. ಪಾಯಿಖಾನೆ ಯಾವತ್ತೋ ಬಿದ್ದುಹೋಗಿತ್ತು. ಪೊದೆ ಮಾತ್ರ ಮಾಡಿನ ಎತ್ತರಕ್ಕೆ ಬೆಳೆದು, ನೇರಳೆ ಗೊಂಚಲುಗಳ ಭಾರಕ್ಕೆ ಬಾಗಿತ್ತು. ಇಬ್ಬರೂ ಅದರೊಳಗೆ ಮರೆಯಾದರು.

ನಾನು ಅಜ್ಜಿಯ ಜೊತೆ ಬೀಜ ತಿನ್ನುತ್ತ ಕೂತೆ. ಬೊಗಸೆ ಖಾಲಿಯಾಯಿತು, ಅಜ್ಜಿ ತೂಕಡಿಸಿದಳು, ಅವರ ಸುಳಿವಿಲ್ಲ. ಎದ್ದುಹೋಗಿ ನೋಡಿದರೆ ಪೊದೆಯ ಹಿಂದಿನಿಂದ ಒಡಕು ದನಿಯ ಹಾಡು ಬರುತ್ತಿತ್ತು.

“ಅಮ್ಮಾ, ದೊಡ್ಡಮ್ಮಾ, ಹೊರಡೋಣ್ವಾ?”

ಹಾಡು ನಿಂತಿತು.

“ಇಲ್ಲಿಗೂ ಬಂದ್ಯಾ!” ದೊಡ್ಡಮ್ಮ ಗದರಿದಳು. “ಹೋಗು, ಆಮೇಲೆ ಬರ್ತೀವಿ.” ಆಮೇಲೆ ತಂಗಿಗೆ, “ಎರಡನೇ ಸಾಲು ಹಂಗಲ್ಲ ಕಣೇ. ಅಮ್ಮ ಹಾಡ್ತಿದ್ದದ್ದೇ ಬೇರೆ.”

“ನಿಂಗೇನ್ ಗೊತ್ತು?” ಎಂದಳು ಅಮ್ಮ.