ಹೊಸಬರಿಗೆ ಅನುಕೂಲವಾದ ಸಮುದ್ರ

ಹೈದರಾಬಾದಿನ ನಾರಾಯಣಗೂಡದ ದತ್ತಾತ್ರೇಯರಾಯರ ಮನೆಯಲ್ಲಿ ಆ ಬೇಸಿಗೆಯ ರಜೆಗೆ ಮುಂಚೆ ತೀರ್ಮಾನವಾಗಬೇಕಿದ್ದ ವಿಷಯ ಸಾಮಾನ್ಯದ್ದಲ್ಲ. ರಾಜ್ಯ ಎರಡಾಗಿ ನದಿ, ಕಡತ, ಕುರ್ಚಿಗಳನ್ನೆಲ್ಲ ಪಾಲು ಹಾಕಿದ ದಿನಗಳಲ್ಲಿ ನೀರಾವರಿ ಇಲಾಖೆಯಲ್ಲಿದ್ದ ರಾಯರು ಗಂಭೀರ ಸಭೆಗಳನ್ನು ಬೇಕಾದಷ್ಟು ಕಂಡವರು. ಇಷ್ಟು ತೂಕದ ಪ್ರಶ್ನೆ ಆ ಸಭೆಗಳಲ್ಲೂ ಎದ್ದಿರಲಿಲ್ಲ. ಅವರ ಸೊಸೆ ದೀಪ್ತಿ ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವುದನ್ನು, ಅಂದರೆ ಸರ್ಫಿಂಗನ್ನು, ಯಾವ ಊರಿಗೆ ಹೋಗಿ ಕಲಿಯಬೇಕು ಎನ್ನುವುದೇ ಆ ಪ್ರಶ್ನೆ. ರಾಜ್ಯ ಪಾಲಾದಾಗ ಸಮುದ್ರವೆಲ್ಲ ಆಚೆಯವರಿಗೆ ಹೋಗಿದ್ದರಿಂದ ದೂರ ಹುಡುಕದೆ ಗತಿ ಇರಲಿಲ್ಲ.

ದೀಪ್ತಿಗೆ ಮೂವತ್ತೆಂಟು. ಮನೆಯ ಹಿಂದಿನ ಬೀದಿಯ ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಅಲೆಗಳ ಪಾಠಕ್ಕೆ ಅವಳದೇ ಹೆಸರು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಅವಳು ಒಂದೇ ಎಳೆತದಲ್ಲಿ ಬರೆಯುವ ಅಲೆ ಎಷ್ಟು ನಯವಾಗಿರುತ್ತಿತ್ತೆಂದರೆ ಅಳಿಸುವಾಗ ಹುಡುಗರಿಗೆ ಬೇಜಾರಾಗುತ್ತಿತ್ತು. ನಿಜವಾದ ಅಲೆಯನ್ನು ಮಾತ್ರ ಅವಳು ಒಮ್ಮೆ, ಹೊಸದಾಗಿ ಮದುವೆಯಾದಾಗ, ಒಂದು ಲಾಡ್ಜಿನ ಕಿಟಕಿಯಿಂದ ನೋಡಿದ್ದಳು. ಎರಡು ವರ್ಷದ ಹಿಂದೆ ನಿರೀಕ್ಷಾ ಎಂಬ ವಿದ್ಯಾರ್ಥಿನಿ, ಅಲೆಯ ಮೇಲೆ ನಿಂತವರನ್ನು ಅಲೆ ಹೊತ್ತು ತರುತ್ತದೋ ಅಥವಾ ಅವರು ಉದ್ದಕ್ಕೂ ಬೀಳುತ್ತಲೇ ಇರುತ್ತಾರೋ ಎಂದು ಕೇಳಿದ್ದಳು. ದೀಪ್ತಿ ಪರೀಕ್ಷೆಗೆ ಸಾಕಾಗುವಷ್ಟು ಉತ್ತರ ಹೇಳಿದಳು. ಹೇಳಿದ ಅವಳಿಗೇ ಅದು ಸಾಕಾಗಲಿಲ್ಲ. ಅಂದಿನಿಂದ ಮೊಬೈಲಿನಲ್ಲಿ ಸರ್ಫಿಂಗ್ ವಿಡಿಯೋಗಳನ್ನು ನೋಡತೊಡಗಿದಳು. ಆಮೇಲೆ ಬೆಳಗಿನ ಹೊತ್ತು ಮಾಳಿಗೆಯ ಮೇಲೆ ಚಾಪೆ ಹಾಸಿ ಬೋರಲು ಮಲಗಿ, ಅಂಗೈ ಊರಿ, ಒಂದೇ ನೆಗೆತಕ್ಕೆ ಮೊಣಕಾಲು ಬಾಗಿಸಿ ನಿಲ್ಲುವುದನ್ನು ರೂಢಿ ಮಾಡಿದಳು. ಅಕ್ಕಪಕ್ಕದವರು ಅದನ್ನು ಸೂರ್ಯನಮಸ್ಕಾರವೆಂದು ತಿಳಿದರು. ಓಣಿಯಲ್ಲಿ ಅವಳ ಬಗ್ಗೆ ಗೌರವ ಹೆಚ್ಚಿತು.

ಹೋಗುವುದಿದ್ದರೆ ಈ ವರ್ಷವೇ ಹೋಗಬೇಕಿತ್ತು. ಪ್ರವೇಶ ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳಲ್ಲಿ ಸಿಗುತ್ತಿದ್ದ ಒಂದು ವಾರದ ರಜೆಯನ್ನು ಮುಂದಿನ ವರ್ಷದಿಂದ ರದ್ದು ಮಾಡಿ, ಆಗಲೂ ಬ್ಯಾಚು ನಡೆಸುವುದೆಂದು ಸೆಂಟರಿನವರು ಹೇಳಿಬಿಟ್ಟಿದ್ದರು. ಮೇ ಕಳೆದರೆ ಮಳೆಗಾಲ, ಸಮುದ್ರಕ್ಕೆ ಯಾರನ್ನೂ ಬಿಡುವುದಿಲ್ಲ. ಮೊಣಕಾಲು ಕೂಡ ಮೆಟ್ಟಿಲು ಹತ್ತುವಾಗ ಏನೋ ಹೇಳತೊಡಗಿತ್ತು.

ಹಾಗಾಗಿ ಒಂದು ಭಾನುವಾರ ಊಟದ ನಂತರ ಅವಳು ವಿಷಯ ಎತ್ತಿದಳು. ಹೊಸಬರಿಗೆ ಅನುಕೂಲವಾದ ಸಮುದ್ರ ಬೇಕು, ತಳದಲ್ಲಿ ಬಂಡೆಯಿಲ್ಲದೆ ಮರಳಿರಬೇಕು, ಬಿದ್ದರೆ ಎದ್ದು ನಿಲ್ಲಲು ಸೊಂಟದ ಮಟ್ಟದ ನೀರಿರಬೇಕು ಎಂದು ವಿವರಿಸಿದಳು. ಯಾರೂ ಬೇಡ ಎನ್ನಲಿಲ್ಲ. ಆ ಮನೆಯಲ್ಲಿ ಯಾರೂ ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ, ಸಹಾಯ ಮಾಡುತ್ತಿದ್ದರು.

ಅತ್ತೆ ಕೃಷ್ಣಾಬಾಯಿ ಮೊದಲು ಸಹಾಯಕ್ಕೆ ಬಂದರು. "ಅನುಕೂಲ ಅಂದ್ರ, ಕುರ್ಚಿ ಪಾಯಖಾನಿ ಅದನೋ ಇಲ್ಲೋ ಅದನ್ನ ಮೊದಲ ಕೇಳವಾ. ಮರಳು ಎಲ್ಲಾ ಕಡೆ ಇರ್ತದ."

ಒಂದು ರಾತ್ರಿಯ ರೈಲು ಪ್ರಯಾಣದ ವಿಶಾಖಪಟ್ಟಣ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಅಲ್ಲಿ ರಾಯರ ಚಿಕ್ಕಪ್ಪನ ಮಗನಿದ್ದ. ಅವನಿದ್ದೂ ಲಾಡ್ಜಿನಲ್ಲಿ ಇಳಿದರೆ ಸಂಬಂಧ ಮುರಿದಂತೆ. ಅವನ ಮನೆಯಲ್ಲಿ ಇಳಿದರೆ ತಿಂಡಿಯಿಂದ ಊಟಕ್ಕೂ ಊಟದಿಂದ ತಿಂಡಿಗೂ ನಡುವೆ ಸಮುದ್ರಕ್ಕೆ ಹೋಗಿಬರುವಷ್ಟು ತೆರಪು ಸಿಗುವುದಿಲ್ಲ. ಚೆನ್ನೈ ಕಡೆಯದು ಸೆಕೆಯ ಕಾರಣಕ್ಕೆ ಹೋಯಿತು. ಮೇ ತಿಂಗಳ ಹೈದರಾಬಾದಿನಲ್ಲಿ ಬೆವರೊರೆಸಿಕೊಳ್ಳುತ್ತಲೇ ಈ ಮಾತು ನಡೆಯಿತು. ದೀಪ್ತಿಯ ಮನಸ್ಸಿನಲ್ಲಿದ್ದದ್ದು ಮೂಲ್ಕಿ: ನದಿ ಬಂದು ಸಮುದ್ರ ಸೇರುವ ಜಾಗ, ನಿಧಾನವಾದ ಅಲೆಗಳು. ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ರಾಯರು ಕೇಳಿದರು. ಯಾರೂ ಇಲ್ಲ ಎಂದಳು ದೀಪ್ತಿ. ಆ ಊರಿನ ಮುಖ್ಯ ಆಕರ್ಷಣೆಯೇ ಅದು ಎಂದು ಹೇಳುವ ಹಾಗಿರಲಿಲ್ಲ. ಮೂಲ್ಕಿಯೂ ಹೋಯಿತು.

ಆಗ ಅವಳ ಗಂಡ ಕೇದಾರ ಮುಂದೆ ಬಂದ. ಬ್ಯಾಂಕಿನ ಕೆಲಸದ ಕೇದಾರ ಒಳ್ಳೆಯವನು. ಹೆಂಡತಿ ಮಾಳಿಗೆಯಲ್ಲಿ ನೆಗೆಯುವಾಗ ಚಾಪೆಯ ತುದಿ ಮಡಚದಂತೆ ಹಿಡಿದು ಕೂರುತ್ತಿದ್ದವನು ಅವನೇ. ಆದರೆ ಅಪ್ಪನಿಗೆ ಏನನ್ನಾದರೂ ನೇರವಾಗಿ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಗೋಕರ್ಣವನ್ನು ಹುಡುಕಿದವನೂ ಅವನೇ. ಅಲ್ಲಿ ಒಂದು ಪುಟ್ಟ ಸರ್ಫಿಂಗ್ ಶಾಲೆ ಇತ್ತು, ಮಂದಾರ ಎಂಬ ಹೆಂಗಸು ಕಲಿಸುತ್ತಿದ್ದಳು. ಫೋನಿನಲ್ಲಿ ಅವಳು, ತಮ್ಮಲ್ಲಿ ಮರಳೇ ಇದೆ, ನೀರು ಸೊಂಟದ ಮಟ್ಟ, ಅರವತ್ತರ ಅಜ್ಜನೂ ಕಲಿತಿದ್ದಾನೆ ಎಂದು ಧೈರ್ಯ ತುಂಬಿದಳು. ಅಪ್ಪನನ್ನು ತಾನು ಒಪ್ಪಿಸುತ್ತೇನೆ ಎಂದು ಕೇದಾರ ಒಳಗೆ ಹೋದ. ಹೊರಗೆ ಬಂದಾಗ ಅವನ ಹಿಂದೆ ರಾಯರೂ ಬಂದರು. ಅವರ ಮುಖದಲ್ಲಿ ನಿವೃತ್ತಿಯ ದಿನವೂ ಕಾಣದಿದ್ದ ಕಳೆ ಇತ್ತು.

ದೀಪ್ತಿ ಆ ಸಂಜೆಯೇ ಸುಲ್ತಾನ್ ಬಜಾರಿಗೆ ಹೋಗಿ ತುಂಬುತೋಳಿನ ಈಜುಡುಗೆ ಕೇಳಿದಳು. ಅಂಗಡಿಯವನು, "ಬಚ್ಚೀ ಕಿತ್ತೇ ಸಾಲ್ ಕೀ ಹೈ?" ಎಂದು ಮಗುವಿನ ವಯಸ್ಸು ಕೇಳಿದ. ಅಡತೀಸ್, ಮೂವತ್ತೆಂಟು, ಎಂದಳು ದೀಪ್ತಿ. ಅವನು ಏಣಿ ಹತ್ತಿ ಮೇಲಿನ ಗೂಡಿನಿಂದ ಒಂದು ಡಬ್ಬಿ ಇಳಿಸಿದ. ಕೋಠಿಯಲ್ಲಿ ಬಸ್ಸಿಗೆ ಕಾಯುತ್ತ ಅವಳು ಚೀಲದೊಳಗೆ ಕೈ ಹಾಕಿ ಆ ಬಟ್ಟೆಯನ್ನು ಮುಟ್ಟಿ ನೋಡಿಕೊಂಡಳು. ಆ ಇಡೀ ವರ್ಷದಲ್ಲಿ ಅವಳು ಸಂತೋಷವಾಗಿದ್ದಳೆಂದು ಖಚಿತವಾಗಿ ಹೇಳಬಹುದಾದ ಹೊತ್ತು ಅದೊಂದೇ.

ಮನೆಗೆ ಬಂದಾಗ ರಾಯರು ಪಂಚಾಂಗ ಬಿಚ್ಚಿಕೊಂಡು ಕೂತಿದ್ದರು. ಕಲಬುರಗಿಯಲ್ಲಿದ್ದ ಅವರ ತಂಗಿ ಉಮಾಬಾಯಿಗೆ ಆಗಲೇ ಫೋನು ಹೋಗಿತ್ತು, ಅವರೂ ಬರುವವರಿದ್ದರು. ರಜೆಯ ವಾರದ ನಡುವೆ ಅಮಾವಾಸ್ಯೆ ಬರುತ್ತದೆ, ದೈವಯೋಗವೇ ಸರಿ, ಸಮುದ್ರಸ್ನಾನಕ್ಕೆ ಅದೊಂದೇ ದಿನ ಯೋಗ್ಯ, ಮರುದಿನ ಹೊರಟು ಉಳಿದ ದಿನಗಳನ್ನು ಗಾಣಗಾಪುರದಲ್ಲಿ ಕಳೆಯುವುದು ಎಂದು ರಾಯರು ತಿಳಿಸಿದರು.

ದೀಪ್ತಿ ಗಂಡನ ಕಡೆ ತಿರುಗಿದಳು. "ನೀವು ಸ್ನಾನಕ್ಕ ಅಂತ ಹೇಳಿದ್ರೇನು?"

"ಹಂಗ ಹೇಳಿದ್ರ ಒಪ್ಪತಾರ ಅಂತ..."

"ಒಪ್ಪಿದ್ರಲ್ಲ," ಎಂದಳು ದೀಪ್ತಿ.

ಆ ಮನೆತನದ ಕಟ್ಟಳೆ ಒಂದಿತ್ತು. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣದಂಥ ಪರ್ವದ ದಿನಗಳಲ್ಲಲ್ಲದೆ ಸಮುದ್ರದ ನೀರನ್ನು ಮುಟ್ಟಬಾರದು. ತಲೆತಲಾಂತರದಿಂದ ಯಾರೂ ಅದನ್ನು ಮೀರಿರಲಿಲ್ಲ. ತಲೆತಲಾಂತರದಿಂದ ಅವರೆಲ್ಲ ಕಲಬುರಗಿಯಲ್ಲಿ ಇದ್ದದ್ದರಿಂದ ಪಾಲಿಸಲು ಕಷ್ಟವೂ ಆಗಿರಲಿಲ್ಲ.

ಕೇದಾರ ತಾನು ಕೆಡಿಸಿದ್ದನ್ನು ರಿಪೇರಿ ಮಾಡಲು ಕೂತ. "ಅಕಿ ಹಲಗಿ ಮ್ಯಾಲ ನಿಂತಿರ್ತಾಳಪ್ಪಾ. ನೀರು ಮುಟ್ಟೂ ಪ್ರಶ್ನಿನೇ ಬರಂಗಿಲ್ಲ. ದೋಣ್ಯಾಗ ಕೂತಂಗ."

ರಾಯರು ನ್ಯಾಯವಂತರು. ಕನ್ನಡಕ ತೆಗೆದು, ಈ ವಾದವನ್ನು ಇಲಾಖೆಯ ಕಡತದಂತೆ ಹಿಂದೆ ಮುಂದೆ ತಿರುವಿ ನೋಡಿದರು. ಆಮೇಲೆ ಸೊಸೆಯನ್ನೇ ಕೇಳಿದರು. "ಕಲಿಯೋರು ಬೀಳ್ತಾರೋ ಇಲ್ಲೋ?"

ದೀಪ್ತಿಗೆ ಪಾಠದ ವಿಷಯದಲ್ಲಿ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಬೀಳ್ತಾರ್ರೀ ಮಾಮಾ. ಮೊದಲ ಬೀಳೋದನ್ನೇ ಕಲಿಸ್ತಾರ."

"ಮತ್ತ?" ಎಂದರು ರಾಯರು, ಬಹಳ ಮೃದುವಾಗಿ. "ಪೂರಾ ಕಲ್ತಾಕಿ ಆಗಿದ್ರ ಯಾವ ದಿನ ಆದ್ರೂ ನನ್ನ ತಕರಾರ ಇದ್ದಿದ್ದಿಲ್ಲವಾ. ಈಗೇನು, ಅಮಾವಾಸ್ಯಿ ದಿನ ಕಲಿ. ಬ್ಯಾಡ ಅಂದವ್ರು ಯಾರು?"

"ಅಮಾವಾಸ್ಯಿಗೆ ಸಮುದ್ರ ಭಾಳ ಏರ್ತದ್ರೀ."

"ಏರ್ಲಿ ಬಿಡು. ಅದಕ್ಕೇ ಅವತ್ತ ಪುಣ್ಯ."

ಚಂದ್ರ ಸೂರ್ಯರು ಒಂದೇ ಸಾಲಿಗೆ ಬಂದು ನೀರನ್ನು ಎಳೆಯುವ ಚಿತ್ರವನ್ನು ದೀಪ್ತಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದಳು. ಅವರಿಬ್ಬರೂ ಮಾವನ ಕಡೆ ಸೇರಿಕೊಳ್ಳುತ್ತಾರೆಂದು ಎಣಿಸಿರಲಿಲ್ಲ. ಮಂದಾರಳಿಗೆ ಫೋನು ಮಾಡಿದಳು. "ಅಮಾವಾಸ್ಯೆ ದಿನ ನಾವು ಹೊಸಬರನ್ನ ನೀರಿಗೆ ಇಳಿಸೂದಿಲ್ಲ ಮೇಡಂ," ಎಂದಳು ಮಂದಾರ. "ನಮ್ಮ ತಡಿಯಲ್ಲಿ ಅವತ್ತು ಸೆಳೆತ ಜೋರು. ಆಚೀಚೆ ಬೇರೆ ಯಾವ ದಿನ ಆದ್ರೂ ಬನ್ನಿ."

ದೀಪ್ತಿ ಸರಿ ಎಂದು ಫೋನು ಇಟ್ಟಳು. ಒಬ್ಬಳೇ ಹೋಗಿಬಿಡಬಹುದು ಎಂಬ ಯೋಚನೆ ಬರದೇ ಇರಲಿಲ್ಲ. ಆದರೆ ಟಿಕೆಟ್ಟು ಆಗಿತ್ತು, ಉಮಾಬಾಯಿ ದಾರಿಗೆಂದು ಶೇಂಗಾ ಹೋಳಿಗೆ ಮಾಡಿ ಮುಗಿಸಿದ್ದರು, ಎಲ್ಲರೂ ಅವಳಿಂದಾಗಿಯೇ ಈ ಯಾತ್ರೆ ಕೂಡಿಬಂತೆಂದು ಅವಳನ್ನು ಹೊಗಳುತ್ತಿದ್ದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಗೋಕರ್ಣ ಮುಟ್ಟಿದಾಗ ಅಮಾವಾಸ್ಯೆಗೆ ಇನ್ನೂ ಎರಡು ದಿನವಿತ್ತು. ಸಂಜೆ ಎಲ್ಲರೂ ಸಮುದ್ರ ನೋಡಲು ಹೋದರು. ನೋಡುವುದಕ್ಕೆ ತಿಥಿಯ ಅಡ್ಡಿ ಇರಲಿಲ್ಲ. ಮಂದಾರಳ ತರಗತಿ ನಡೆದಿತ್ತು. ಅಲೆಗಳು ವಿಡಿಯೋಗಳಲ್ಲಿ ಇದ್ದ ಹಾಗೆಯೇ, ಯಾರನ್ನೂ ಗಾಬರಿಪಡಿಸದ ಹಾಗೆ ಬರುತ್ತಿದ್ದವು. ದಪ್ಪನೆಯ ಗಂಡಸೊಬ್ಬ ಹಲಗೆಯ ಮೇಲೆ ಎದ್ದ, ಬಿದ್ದ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮೂಗು ಸೀಟಿದ, ಮತ್ತೆ ಹತ್ತಿದ. ಕೊನೆಗೊಮ್ಮೆ ಬೀಳದೆ ದಡದವರೆಗೂ ಬಂದ. ಅವನು ಕಾಲು ಇಟ್ಟದ್ದು ತಪ್ಪು, ಬೆನ್ನು ಬಾಗಿಸಿದ್ದು ತಪ್ಪು ಎಂದು ದೀಪ್ತಿಗೆ ಗೊತ್ತಾಗುತ್ತಿತ್ತು. ಆದರೂ ಅಲೆ ಅವನನ್ನು ತಂದು ಬಿಟ್ಟಿತು. ಅಲೆ ಹೊತ್ತು ತಂದಿತೋ ಅವನು ಬೀಳುತ್ತಲೇ ಬಂದನೋ, ದಡದಿಂದ ತಿಳಿಯಲಿಲ್ಲ.

ಅವಳಿಗೆ ಅರಿವಿಲ್ಲದೆ ಅವಳು ಮುಂದೆ ಮುಂದೆ ಹೋಗಿದ್ದಳು. ನೊರೆ ಪಾದಗಳ ಹತ್ತಿರಕ್ಕೆ ಬಂತು. ಮಂದಾರ ಅತ್ತ ಕಡೆಯಿಂದ ಕೈ ಎತ್ತಿ ಕರೆದಳು.

"ಹಿಂದ ಸರಿಯವಾ," ಎಂದರು ರಾಯರು. "ಇವತ್ತಲ್ಲ."

ದೀಪ್ತಿ ಹಿಂದೆ ಸರಿದಳು. ಕೇದಾರ ಪಕ್ಕದಲ್ಲಿ ಬಂದು ನಿಂತ. ನಾಳಿದ್ದು ಹೇಗೂ ಇದೆಯಲ್ಲ, ಮಂದಾರಳಿಗೆ ತಾನೇ ಹೇಳಿ ಒಪ್ಪಿಸುತ್ತೇನೆ ಎಂದ. ಅವನು ಒಪ್ಪಿಸಿದ್ದನ್ನು ದೀಪ್ತಿ ಈಗಾಗಲೇ ಕಂಡಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಸಮುದ್ರದ ಸದ್ದು ದಾರಿಯಲ್ಲೇ ಕೇಳಿಸಿತು. ತಡಿಯ ಮರಳು ಅರ್ಧಕ್ಕರ್ಧ ನೀರಿನ ಪಾಲಾಗಿತ್ತು. ಮಂದಾರಳ ಹಲಗೆಗಳು ಗುಡಿಸಲಿನ ಗೋಡೆಗೆ ಒರಗಿ ನಿಂತಿದ್ದವು. ಕೇದಾರ ಹೋಗಿ ಮಾತಾಡಿ ಬೇಗನೆ ವಾಪಸು ಬಂದ. ಸಂಕಲ್ಪದ ಸ್ನಾನಕ್ಕೆ ಈಜುಡುಗೆ ಸಲ್ಲದೆಂದು ಕೃಷ್ಣಾಬಾಯಿ ಹಿಂದಿನ ದಿನವೇ ಹೇಳಿದ್ದರು. ಅದು ಬೆಲೆಚೀಟಿ ಸಮೇತ ಚೀಲದಲ್ಲಿತ್ತು. ಸೀರೆಯುಟ್ಟ ದೀಪ್ತಿಯ ಒಂದು ಕೈಯನ್ನು ಕೃಷ್ಣಾಬಾಯಿ ಹಿಡಿದರು, ಇನ್ನೊಂದನ್ನು ಉಮಾಬಾಯಿ. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದರು. ರಾಯರು ದಡದ ಹತ್ತಿರ ನಿಂತು ಗೋತ್ರ ಹೇಳತೊಡಗಿದರು.

ಆಗ ಒಂದು ಅಲೆ ಎದ್ದು ಬಂತು. ದೀಪ್ತಿಯ ಮೊಣಕಾಲುಗಳು ತಾವಾಗಿಯೇ ಬಾಗಿದವು, ಎಡಪಾದ ಮುಂದೆ ಹೋಯಿತು, ತಲೆ ಮೇಲೆದ್ದಿತು. ಮಾಳಿಗೆಯ ಮೇಲೆ ಕಲಿತದ್ದೆಲ್ಲ ಸರಿಯಾಗಿ ಬಂತು, ಹಲಗೆಯೊಂದನ್ನು ಬಿಟ್ಟು. ಅವಳು ಜಾರುತ್ತಿದ್ದಾಳೆಂದು ತಿಳಿದ ಅತ್ತೆಯಂದಿರು ಎರಡೂ ಕಡೆಯಿಂದ ರಟ್ಟೆ ಹಿಡಿದು ಮೇಲಕ್ಕೆತ್ತಿದರು. ಅಲೆ ಅವಳ ಸೀರೆಯನ್ನು ತೋಯಿಸಿ ಮುಂದೆ ಹೋಯಿತು.

"ಹೆದರಬ್ಯಾಡ, ಗಟ್ಟಿ ಹಿಡದೀವಿ," ಎಂದರು ಉಮಾಬಾಯಿ.

ಮರುದಿನ ಅವರು ಗಾಣಗಾಪುರಕ್ಕೆ ಹೊರಟರು. ಜೂನಿನಲ್ಲಿ ಸೆಂಟರು ತೆರೆಯಿತು. ದೀಪ್ತಿ ಸರ್ಫಿಂಗ್ ಕಲಿಯಲಿಲ್ಲ.